ಬೆಂಕಿಗೆ ಸಿಹಿನೀರು

ಟಕ್, ಟಕ್.

ಕಾಸಿಂ ಬೆರಳ ಗೆಣ್ಣಿನಿಂದ ತಗಡಿನ ಮೈಗೆ ಎರಡು ಸಲ ಬಡಿದು ಕಿವಿಗೊಟ್ಟ. ಮೇಯ್ದು ಬಂದ ಎಮ್ಮೆಯ ಪಕ್ಕೆ ತಟ್ಟಿದರೆ ಬರುವಂಥ ಮೊಂಡು ಶಬ್ದ. ಒಳಗೆ ನೀರಿದೆ, ಕಂಠದವರೆಗೂ ಇದೆ. ಪಕ್ಕದ್ದನ್ನು ಬಡಿದ, ಅದರಾಚೆಯದನ್ನೂ ಬಡಿದ. ಮೂರೂ ಒಂದೇ ಶಬ್ದ ಕೊಟ್ಟವು.

ಹುಮನಾಬಾದಿನ ಊರಾಚೆ ಇದ್ದ ಮಚ್ಚೇಂದ್ರ ಶೇಠರ ಹತ್ತಿ ಜಿನ್ನಿನಲ್ಲಿ, ಕಾಳು ಬಿಡಿಸಿದ ಅರಳೆ ರಾಶಿಯಾಗಿ ಬೀಳುವ ದೊಡ್ಡ ಕೋಣೆಯ ಬಾಗಿಲ ಪಕ್ಕದ ಗೋಡೆಗೆ ಅವನ್ನು ತೂಗುಹಾಕಿದ್ದರು. ಒಂದು ತುದಿ ಅಗಲ, ಇನ್ನೊಂದು ತುದಿ ಚೂಪು. ಮೈತುಂಬ ಕೆಂಪು ಬಣ್ಣ. ಅಗಲ ತುದಿಗೆ ತಿರುಗಿಸಿ ಕೂರಿಸಿದ ಹಿತ್ತಾಳೆಯ ಮುಚ್ಚಳ, ಮುಚ್ಚಳದ ನಡುವೆ ಒಂದು ಗುಂಡಿ, ಅದರ ಮಗ್ಗುಲಿಗೆ ಕಿರುಬೆರಳೂ ಹೋಗದಷ್ಟು ಸಣ್ಣ ಮೂತಿ. ಬೆಂಕಿ ಆರಿಸುವ ಯಂತ್ರ ಎಂದು ಕಾಗದದಲ್ಲಿ ಬರೆದಿತ್ತಂತೆ. ಕೆಲಸದವರು ಲಾಲ್ ಬಂಬಾ ಎನ್ನುತ್ತಿದ್ದರು. ಇವು ಇಲ್ಲದಿದ್ದರೆ ಜಿನ್ನಿಗೆ ವಿಮೆ ಇಲ್ಲ ಎಂದು ವಿಮೆಯವರು ಹಟ ಹಿಡಿದದ್ದಕ್ಕೆ ಶೇಠರು ಹೈದರಾಬಾದಿನಿಂದ ತರಿಸಿದ್ದರು. ಅದು ನಲವತ್ತೊಂಬತ್ತರ ಚಳಿಗಾಲ. ಬಂಡಿಗಟ್ಟಲೆ ಹತ್ತಿ ಬರುತ್ತಿದ್ದ ದಿನಗಳು.

ಬಡಿದು ನೋಡಿದ ಮೇಲೆ ಕಾಸಿಂಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಇವನ್ನು ತುಂಬಿ ಎಂಟು ದಿನ. ಎಂಟು ದಿನದ ನೀರು, ಮುಚ್ಚಳ ಹಾಕಿದ ತಗಡಿನೊಳಗೆ, ಗಾಳಿ ಬೆಳಕು ಕಾಣದೆ. ಯಾರೂ ಬದಲಿಸಿಲ್ಲ. ಯಾರಿಗೂ ನೆನಪಿಲ್ಲ.

ಅವನು ಹುಟ್ಟಿದ್ದು ಕಲ್ಯಾಣದ ಕೋಟೆಯ ಕೆಳಗಿನ ಓಣಿಯಲ್ಲಿ. ತಂದೆ ಭಿಸ್ತಿ, ಅಜ್ಜನೂ ಭಿಸ್ತಿ. ಆಡಿನ ಇಡೀ ತೊಗಲನ್ನು ಹೊಲಿದು ಮಾಡಿದ ಮಶಕಕ್ಕೆ ಬಾವಿಯ ನೀರು ತುಂಬಿ, ಬೆನ್ನಮೇಲೆ ಹೊತ್ತು ಮನೆಮನೆಗೆ ಕೊಡುವುದು ಆ ಮನೆತನದ ಕಸುಬು. ಹನ್ನೆರಡನೆಯ ವಯಸ್ಸಿನಿಂದ ಹೊತ್ತೂ ಹೊತ್ತೂ ಐವತ್ತು ತುಂಬುವ ಹೊತ್ತಿಗೆ ಅವನ ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ತಗ್ಗಿತ್ತು. ಕಲ್ಯಾಣದ ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತದೆ, ಯಾವುದರಲ್ಲಿ ಬೇಯುವುದಿಲ್ಲ ಎಂಬುದನ್ನು ಕಣ್ಣು ಮುಚ್ಚಿ ಒಂದೇ ಗುಟುಕಿನಲ್ಲಿ ಹೇಳಬಲ್ಲವನಾಗಿದ್ದ. ತಂದೆ ಕಲಿಸಿದ ನೇಮ ಎರಡೇ. ರುಚಿ ನೋಡದೆ ಯಾರಿಗೂ ನೀರು ಕೊಡಬಾರದು. ಬಾಸಿ ನೀರು, ಅಂದರೆ ರಾತ್ರಿ ಕಳೆದ ನೀರು, ದನಕ್ಕೂ ಕುಡಿಸಬಾರದು. ಪ್ರತಿ ಸಂಜೆ ಮಶಕ ಬರಿದು ಮಾಡಿ ಗೂಟಕ್ಕೆ ತೂಗುಹಾಕಬೇಕು, ಬೆಳಿಗ್ಗೆ ಬಿಸ್ಮಿಲ್ಲಾ ಅಂದು ಹೊಸ ನೀರು ತುಂಬಬೇಕು.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದ ನಂತರ ಆ ಓಣಿಯಲ್ಲಿ ಹಲವು ಬಾಗಿಲುಗಳಿಗೆ ಬೀಗ ಬಿತ್ತು. ಕೆಲವರು ಹೈದರಾಬಾದಿಗೆ ಹೋದರು. ಕೆಲವರು ಎಲ್ಲಿಗೆ ಹೋದರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಾಸಿಂ ಎಷ್ಟೋ ದಿನ ಅಭ್ಯಾಸಬಲದಿಂದ ಆ ಬಾಗಿಲುಗಳ ಮುಂದೆ ಮಶಕ ಹೊತ್ತು ನಿಂತು, ನೀರು ಎಂದು ಕೂಗಿ, ಆಮೇಲೆ ಬೀಗ ನೋಡುತ್ತಿದ್ದ. ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು, ಕಚೇರಿಯೊಳಗಿನ ಮುಖಗಳು ಬದಲಾಗಿದ್ದವು. ನಿನ್ನೆಯವರೆಗೆ ತಲೆ ತಗ್ಗಿಸಿ ನಡೆಯುತ್ತಿದ್ದವರು ತಲೆಯೆತ್ತಿದ್ದರು, ತಲೆಯೆತ್ತಿದ್ದವರು ತಗ್ಗಿಸಿದ್ದರು. ಎರಡರ ನಡುವೆ ತಾನೆಲ್ಲಿ ಎಂದು ಕಾಸಿಂಗೆ ತಿಳಿಯಲಿಲ್ಲ. ಅವನು ಮೊದಲೂ ಭಾರ ಹೊತ್ತು ಬಗ್ಗಿಯೇ ನಡೆಯುತ್ತಿದ್ದ.

ನೀರು ಕೊಡಲು ಮನೆಗಳಿಲ್ಲದೆ ಹುಮನಾಬಾದಿಗೆ ಬಂದಾಗ ಮಚ್ಚೇಂದ್ರ ಶೇಠರು ಅವನನ್ನು ಮೇಲಿಂದ ಕೆಳಗೆ ನೋಡಿ, "ಕಲ್ಯಾಣದ ಭಿಸ್ತಿ ಏನು? ಚಲೋ ಆತು. ಇಲ್ಲಿ ನೀರಿನ ಕೆಲಸ ಎಲ್ಲಾ ನಿಂದು. ಇಂಜಿನ್ನಿನ ನೀರಿನ ತೊಟ್ಟಿ, ಬಕೀಟು, ಪಿಪಾಯಿ, ಕುಡಿಯೋ ಹಂಡೆ, ಎಲ್ಲಾ. ಒಂದು ಹನಿ ಹೆಚ್ಚುಕಮ್ಮಿ ಆದ್ರ ನಿನ್ನ ಕೇಳ್ತೀನಿ" ಎಂದಿದ್ದರು.

"ಹೌದ್ರಿ ಶೇಠಜಿ, ಎಲ್ಲಾ ನಂದು" ಎಂದು ಕಾಸಿಂ ಒಪ್ಪಿಕೊಂಡಿದ್ದ.

ಎಂಟು ದಿನದ ಹಿಂದೆ ಹೈದರಾಬಾದಿನ ಸಾಹೇಬನೊಬ್ಬ ಬಂದು ಲಾಲ್ ಬಂಬಾ ಬಳಸುವುದನ್ನು ತೋರಿಸಿ ಹೋಗಿದ್ದ. ಅಂಗಳದಲ್ಲಿ ಹತ್ತಿ ಕಸ ಗುಡ್ಡೆ ಹಾಕಿ ಕಡ್ಡಿ ಗೀರಿದ. ಕೆಲಸದವರೆಲ್ಲ ಸುತ್ತ ನಿಂತರು. ಜಿನ್ನಿನ ಇಂಜಿನ್ ನೋಡಿಕೊಳ್ಳುತ್ತಿದ್ದ ಹುಲಸೂರಿನ ವೈಜಿನಾಥ ಮಿಸ್ತ್ರಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಸಾಹೇಬ ಅರ್ಧ ಇಂಗ್ಲಿಷು ಅರ್ಧ ಉರ್ದುವಿನಲ್ಲಿ ಹೇಳುತ್ತ ಹೋದ, ಮಿಸ್ತ್ರಿ ಅದನ್ನು ಕನ್ನಡಕ್ಕೆ ಇಳಿಸುತ್ತ ಹೋದ.

"ಬೆಂಕಿ ಸಣ್ಣದಿದ್ರ ಅಷ್ಟೇ ಇದು. ಆಳೆತ್ತರ ಎದ್ದಿತ್ತಂದ್ರ ಬಂಬಾ ಅಲ್ಲೇ ಬಿಟ್ಟು ಹೊರಗ ಓಡ್ರಿ. ಬಾಗಿಲಕ ಬೆನ್ನು ಕೊಟ್ಟು ನಿಲ್ರಿ. ಬೆಂಕಿ ನಿಮ್ಮ ಮತ್ತ ಬಾಗಿಲ ನಡಬರಕ ಬರಬಾರದು. ಗಾಳಿ ಬೆನ್ನಿಗೆ ಇರ್ಲಿ. ಐದಾರು ಹೆಜ್ಜಿ ದೂರ. ಉರಿಗಿ ಹೊಡಿಬ್ಯಾಡ್ರಿ, ಉರಿ ಅಂದ್ರ ಬರೀ ಕುಣಿತ. ಅದರ ಬುಡಕ ಹೊಡಿರಿ. ಇಂಜಿನ್ ಎಣ್ಣಿಗಿ ಬೆಂಕಿ ಬಿದ್ರ ಇದನ್ನ ಮುಟ್ಟಬ್ಯಾಡ್ರಿ, ಅದಕ್ಕ ಉಸುಕು. ಒಮ್ಮೆ ಬಡದ್ರ ಮುಗೀತು, ನಡುವ ನಿಲ್ಲಂಗಿಲ್ಲ. ಅದಕ್ಕ ಆಟಕ್ಕಂತ ಯಾರೂ ಬಡೀಬಾರದು. ತಿಳೀತಿಲ್ಲ?"

"ನಮ್ಮತ್ತಿ ಬಾಯಿ ಇದ್ದಂಗ ಅದ ಬಿಡು ಮಿಸ್ತ್ರಿ, ಒಮ್ಮೆ ತೆಗದ್ರ ನಿಲ್ಲಂಗಿಲ್ಲ!" ಎಂದಳು ಗಯಾಬಾಯಿ. ಹಂಗಾಮಿಗೆಂದು ಘಾಟಬೋರಾಳದಿಂದ ಬಂದು ಅರಳೆ ಬಳಿಯುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಎಲ್ಲರೂ ನಕ್ಕರು. ಸಾಹೇಬನಿಗೆ ತಿಳಿಯದಿದ್ದರೂ ಅವನೂ ನಕ್ಕ.

ಆಮೇಲೆ ಅವನು ಬಂಬಾ ಎತ್ತಿ, ತಲೆಕೆಳಗು ಮಾಡಿ, ಗುಂಡಿಯನ್ನು ನೆಲಕ್ಕೆ ಕುಟ್ಟಿದ. ಒಳಗೆ ಗಾಜು ಒಡೆದ ಸದ್ದು. ಮರುಕ್ಷಣ ಮೂತಿಯಿಂದ ನೀರು ನಾಗರಹಾವಿನಂತೆ ಚಿಮ್ಮಿತು. ಇಪ್ಪತ್ತು ಹೆಜ್ಜೆ ದೂರ! ಕಾಸಿಂ ಬಾಯಿ ತೆರೆದು ನೋಡಿದ. ಹೊರುವ ಬೆನ್ನಿಲ್ಲ, ಹಿಂಡುವ ಕೈಯಿಲ್ಲ, ನೀರು ತಾನಾಗಿಯೇ ಓಡುತ್ತಿದೆ. ಸಾಹೇಬ ಗ್ಯಾಸು ಎಂಬ ಮಾತನ್ನು ನಾಲ್ಕೈದು ಸಲ ಆಡಿದ. ಕಾಸಿಂಗೆ ಅದು ತಿಳಿಯಲಿಲ್ಲ. ನೆಲಕ್ಕೆ ಕುಟ್ಟಿದ ರಭಸಕ್ಕೆ ನೀರು ಬೆದರಿ ಓಡುತ್ತದೆ ಎಂದುಕೊಂಡ. ಬರಿದಾದ ಬಂಬಾವನ್ನು ಮಿಸ್ತ್ರಿ ಇಂಜಿನ್ ಕೋಣೆಗೆ ಒಯ್ದು ಮತ್ತೆ ತುಂಬಿದಾಗ ಕಾಸಿಂ ಅಂಗಳದಲ್ಲಿ ಸುಟ್ಟ ಕಸ ತೊಳೆಯುತ್ತಿದ್ದ. ಉಳಿದೆರಡನ್ನು ತುಂಬಿದ್ದು ಅದೇ ಬೆಳಿಗ್ಗೆ, ಅವನು ಬಾವಿಯ ಹತ್ತಿರ ಇದ್ದಾಗ.

ಈಗ ಎಂಟು ದಿನ. ಇಂಜಿನ್ ಶುರುವಾಗಲು ಇನ್ನೂ ಹೊತ್ತಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕಾಸಿಂ ಮೊದಲ ಬಂಬಾವನ್ನು ಇಳಿಸಿ, ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು, ರುಮಾಲಿನಿಂದ ಮುಚ್ಚಳ ಹಿಡಿದು ತಿರುಗಿಸಿದ. ಮುಚ್ಚಳದ ಜೊತೆ ತಂತಿಯ ಗೂಡೊಂದು ಎದ್ದು ಬಂತು. ಗೂಡಿನಲ್ಲಿ ಒಂದು ಸಣ್ಣ ಗಾಜಿನ ಶೀಷೆ. ಶೀಷೆ ಸಾಹೇಬನದು, ಅದನ್ನು ಮುಟ್ಟುವುದು ಬೇಡ ಎಂದು ಹುಷಾರಾಗಿ ಪಕ್ಕಕ್ಕಿಟ್ಟ. ನೀರು ತನ್ನದು. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ.

ಥೂ ಎಂದು ಉಗುಳಿದ. ಸವಳು. ಬರೀ ಸವಳಲ್ಲ, ನಾಲಿಗೆಗೆ ಜಾರುವಂಥ ಕೆಟ್ಟ ರುಚಿ. ಎಂಟೇ ದಿನಕ್ಕೆ ಇಷ್ಟು ಕೆಟ್ಟಿದೆ! ಇನ್ನೊಂದು ತಿಂಗಳಾದರೆ ಹುಳ ಬೀಳುತ್ತಿತ್ತು. ಯಾರೂ ನೋಡುವ ಮೊದಲೇ ತನಗೆ ತಿಳಿದದ್ದು ಒಳ್ಳೆಯದಾಯಿತು. ಅವನು ಮೂರನ್ನೂ ಹೊರಗೆ ಒಯ್ದು ಮೋರಿಗೆ ಸುರಿದ. ಎರಡೆರಡು ಸಲ ಗಳಗಳ ತೊಳೆದ. ದೂರದ ತೋಟದ ಬಾವಿಗೆ ಹೋಗಿ, ಕುಡಿಯಲಿಕ್ಕೆಂದೇ ತರುತ್ತಿದ್ದ ಸಿಹಿನೀರು ತಂದು ಕಂಠಮಟ್ಟ ತುಂಬಿ, ಶೀಷೆಯ ಗೂಡು ಇದ್ದಂತೆಯೇ ಕೂರಿಸಿ, ಮುಚ್ಚಳ ಬಿಗಿದು, ಮೊಳೆಗೆ ತೂಗುಹಾಕಿದ. ಬೆಂಕಿಯಾದರೇನು, ನೀರು ಕೊಡುವವನು ಒಳ್ಳೆಯ ನೀರನ್ನೇ ಕೊಡಬೇಕು.

ಅಂದಿನಿಂದ ದಿನಾ ನಸುಕಿಗೆ ಅದೂ ಒಂದು ಕೆಲಸವಾಯಿತು. ನಿನ್ನೆಯ ನೀರು ತೆಗೆದು ಗಿಡಕ್ಕೆ ಹಾಕುವುದು, ಇಂದಿನದು ತುಂಬುವುದು, ಬಡಿದು ನೋಡುವುದು. ಯಾರಿಗೂ ಹೇಳಲಿಲ್ಲ. ಮಶಕ ತೊಳೆದೆ ಎಂದು ಭಿಸ್ತಿ ಊರಿಗೆ ಡಂಗುರ ಹೊಡೆಯುವುದಿಲ್ಲ.

ಬೆಂಕಿ ಬಿದ್ದದ್ದು ಜನವರಿಯ ಒಂದು ಬುಧವಾರ, ಊಟದ ಹೊತ್ತು ಕಳೆದ ಮೇಲೆ. ಹತ್ತಿಯೊಳಗೆ ಒಂದು ಬೆಣಚುಕಲ್ಲು ಇದ್ದಿರಬೇಕು. ಯಂತ್ರದ ಹಲ್ಲಿಗೆ ಸಿಕ್ಕು ಕಿಡಿ ಹಾರಿ ಅರಳೆಗೆ ಬಿತ್ತು.

"ಏ ಮಿಸ್ತ್ರೀ! ಹೊಗಿ! ಹೊಗಿ ಬರಾಕತ್ತಾದ!" ಗಯಾಬಾಯಿಯ ಕೂಗಿಗೆ ವೈಜಿನಾಥ ಮೊದಲು ಇಂಜಿನ್ ನಿಲ್ಲಿಸಿದ. ಬಂದು ನೋಡಿದರೆ ರಾಶಿಯ ಅಂಚಿನಲ್ಲಿ ಮೊಣಕಾಲೆತ್ತರದ ಉರಿ. ಹೆಂಗಸರನ್ನು ಹೊರಗೆ ಹಾಕಿದ. ಗೋಡೆಯ ಬಂಬಾ ಎಳೆದುಕೊಂಡ. ಸಾಹೇಬ ಹೇಳಿದ್ದು ಒಂದೂ ತಪ್ಪಲಿಲ್ಲ: ಬಾಗಿಲಿಗೆ ಬೆನ್ನು, ಆರು ಹೆಜ್ಜೆ ದೂರ, ತಲೆಕೆಳಗು, ನೆಲಕ್ಕೆ ಕುಟ್ಟು, ಬುಡಕ್ಕೆ ಗುರಿ. ಒಳಗೆ ಗಾಜು ಒಡೆಯಿತು. ಮೂತಿಯಿಂದ ಮುದುಕನ ಜೊಲ್ಲಿನಂತೆ ನಾಲ್ಕು ಹನಿ ಅವನ ಮಣಿಕಟ್ಟಿನ ಮೇಲೆ ಬಿದ್ದವು. ಅಷ್ಟೇ. ಬಿದ್ದಲ್ಲಿ ಚುರುಚುರು ಉರಿಯಿತು. ಅವನು ಬಂಬಾ ಅಲುಗಿಸಿದ, ಮತ್ತೆ ಕುಟ್ಟಿದ. ಇಲ್ಲ. ಎರಡನೆಯದನ್ನು ತಂದು ಕುಟ್ಟಿದ. ಅದೂ ಜೊಲ್ಲು ಸುರಿಸಿತು. ಉರಿ ಸೊಂಟದೆತ್ತರಕ್ಕೆ ಬಂತು.

ಕಾಸಿಂ ಆಗ ತಾನೇ ತುಂಬಿದ ಮಶಕ ಹೊತ್ತು ಅಂಗಳಕ್ಕೆ ಕಾಲಿಟ್ಟಿದ್ದ. ಏನು ಎತ್ತ ಎಂದು ಕೇಳದೆ ಒಳಗೆ ನುಗ್ಗಿ, ಮಿಸ್ತ್ರಿಯ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಮಶಕದ ಕುತ್ತಿಗೆ ಸಡಿಲಿಸಿ ಮೊಣಕೈಯಿಂದ ಹೊಟ್ಟೆ ಅದುಮಿದ. ನೀರು ಹೆಬ್ಬೆರಳ ಗಾತ್ರದ ಧಾರೆಯಾಗಿ ಉರಿಯ ಬುಡಕ್ಕೆ ಬಿತ್ತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಅಂಗಳಕ್ಕೆ ನೀರು ಚಿಮುಕಿಸುವಂತೆ. ಹೆಂಗಸರು ಬಕೀಟು ಸಾಗಿಸಿದರು. ಅರಳೆ ಒಳಗೊಳಗೇ ಹೊಗೆಯಾಡುವ ಜಾತಿ; ಅದಕ್ಕಾಗಿ ಮಿಸ್ತ್ರಿ ಕೊಕ್ಕೆಕೋಲಿನಿಂದ ರಾಶಿ ಬಿಡಿಸಿ ಬಿಡಿಸಿ ಹರವಿದ, ಕಾಸಿಂ ತೋಯಿಸುತ್ತ ಹೋದ. ಅರ್ಧ ಗಂಟೆಯಲ್ಲಿ ಕೋಣೆಯ ತುಂಬ ಕಪ್ಪು ಕೆಸರು ಉಳಿಯಿತು. ಯಾರಿಗೂ ಪೆಟ್ಟಾಗಿರಲಿಲ್ಲ.

ಮಚ್ಚೇಂದ್ರ ಶೇಠರು ಊರೊಳಗಿನಿಂದ ಟಾಂಗಾದಲ್ಲಿ ಬಂದರು. ಸುಟ್ಟ ಅರಳೆ ನೋಡಿದರು, ನೆಲದ ಮೇಲೆ ಬಿದ್ದಿದ್ದ ಎರಡು ಬಂಬಾ ನೋಡಿದರು. ಗೋಡೆಯ ಮೇಲಿದ್ದ ಮೂರನೆಯದನ್ನು ಇಳಿಸಿ ಮುಚ್ಚಳ ತೆಗೆಸಿದರು. ಬೆರಳದ್ದಿ ನೆಕ್ಕಿದರು.

"ಸೋಡಾ ಎಲ್ಲಿ ಮಿಸ್ತ್ರಿ?"

"ಹಾಕೀನ್ರಿ ಶೇಠಜಿ. ಸಾಹೇಬರ ಮುಂದೇ ಹಾಕೀನಿ. ಮೂರಕ್ಕೂ ಒಂದೊಂದು ಪೊಟ್ಟಣ."

"ಹಾಕಿದ್ರ ಎಲ್ಲಿ ಹೋಯ್ತು? ಹಾರಿ ಹೋಯ್ತು? ಇದು ಕುಡಿಯೋ ನೀರು! ಬೇಕಾದ್ರ ನೀ ಕುಡಿ!"

ವೈಜಿನಾಥ ಬೊಗಸೆಯಲ್ಲಿ ಹಿಡಿದು ಕುಡಿದ. ಎಲ್ಲರೂ ನೋಡುತ್ತಿದ್ದಂತೆ ಮತ್ತೊಂದು ಬೊಗಸೆ ಕುಡಿದ. ಎರಡನೆಯ ಸಲ ರುಚಿ ಬದಲಾಗಬಹುದು ಎಂಬಂತೆ.

"ಹಲವಾಯಿ ಅಂಗಡ್ಯಾಗ ಸೋಡಾಪುಡಿಗೆ ಗಿರಾಕಿ ಭಾಳ ಅವ. ನನ್ನ ಜಿನ್ ಸುಟ್ರ ಸುಡ್ಲಿ, ನಿನ್ನ ಕೈ ತುಂಬ್ಲಿ, ಹೌದಿಲ್ಲೋ?"

"ನನ್ನ ಮಕ್ಕಳ ಆಣಿ ಅದರಿ..."

"ಮಕ್ಕಳ ಹೆಸರು ತೆಗೀಬ್ಯಾಡ. ಸೋಮವಾರ ಹೈದರಾಬಾದಿನ ಸಾಹೇಬ ಬರ್ತಾನ, ವಿಮೆಯವರೂ ಬರ್ತಾರ. ಅವರ ಮುಂದ ನಿಂತು ಹೇಳು. ಆಮ್ಯಾಲ ಪೊಲೀಸ್ ಠಾಣೆದಾಗ ಹೇಳು."

ಶೇಠರು ಕಾಸಿಂನನ್ನು ಕರೆದರು. ತಮ್ಮ ಹೆಗಲ ಮೇಲಿನ ಜರಿಯಂಚಿನ ರುಮಾಲು ತೆಗೆದು ಎಲ್ಲರ ಮುಂದೆ ಅವನ ತಲೆಗೆ ಸುತ್ತಿದರು. "ಕಲ್ಯಾಣದ ಭಿಸ್ತಿ ನನ್ನ ಜಿನ್ ಉಳಿಸ್ಯಾನ. ನೋಡ್ರಿ, ಕಲೀರಿ."

ಗಯಾಬಾಯಿ, "ಕಾಸಿಂ ಕಾಕಾ ಮದುಮಗ ಕಂಡಂಗ ಕಾಣಾಕತ್ತಾನ, ಕಾಕುಗ ಹೇಳಿ ಕಳಸ್ರಿ" ಎಂದಳು. ಆದರೆ ಯಾರೂ ನಗಲಿಲ್ಲ. ಕಾಸಿಂ ರುಮಾಲು ಮುಟ್ಟಿ ನೋಡಿಕೊಂಡ. ತನ್ನ ತಲೆಯ ಮೇಲೆ ಇದು ಯಾಕೆ ಬಂತು, ಮಿಸ್ತ್ರಿಯ ತಲೆ ಯಾಕೆ ತಗ್ಗಿತು? ತಾನು ತುಂಬಿದ ನೀರು ಯಾಕೆ ಓಡಲಿಲ್ಲ? ಮೂರು ಬಂಬಾದಲ್ಲೂ ಮುಂಜಾನೆಯೇ ತುಂಬಿದ ತಾಜಾ ನೀರಿತ್ತು. ಅದನ್ನು ಹೇಳಬೇಕೆಂದು ಬಾಯಿ ತೆರೆದ. ನೀರು ಚೆನ್ನಾಗಿತ್ತು ಎಂದರೆ ಮಿಸ್ತ್ರಿಗೆ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ತಿಳಿಯದೆ ಮುಚ್ಚಿಕೊಂಡ.

ಶುಕ್ರವಾರ ಅವನು ಮೋಟಾರು ಹಿಡಿದು ಕಲ್ಯಾಣಕ್ಕೆ ಹೋದ. ನಮಾಜು ಮುಗಿಸಿ ಮನೆಗೆ ಬಂದರೆ ಹೆಂಡತಿ ಸರ್ವರಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರುಮಾಲು ನೋಡಿ ಅವಳ ಕೈ ನಿಂತಿತು.

"ಅಸ್ಗರೀ ಅಬ್ಬಾ, ಇದೇನು? ಮಗಳು ಅಸ್ಗರೀ ಮದುವಿಗೂ ನೀವು ಇಂಥದ್ದು ಸುತ್ತಲಿಲ್ಲ."

ಕಾಸಿಂ ಮೊದಲಿನಿಂದ ಹೇಳಿದ. ಎಂಟು ದಿನದ ನೀರು ಸವಳಾಗಿದ್ದದ್ದು, ತಾನು ಬದಲಿಸಿದ್ದು, ದಿನಾ ಬದಲಿಸಿದ್ದು, ಬೆಂಕಿ, ರುಮಾಲು, ಸೋಡಾ, ಸೋಮವಾರ. ಹೇಳುತ್ತಿದ್ದಂತೆ ಸರ್ವರಿಯ ಮುಖ ನಿಧಾನವಾಗಿ ಬೇರೆಯಾಯಿತು. ಹಂಚಿನ ಮೇಲಿನ ರೊಟ್ಟಿ ಕರಕಲು ವಾಸನೆ ಬಂದಾಗ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ಸವಳು ಅಂದ್ರಿ."

"ಹೌದು. ಕೆಟ್ಟಿತ್ತು."

"ಕೆಟ್ಟಿರಲಿಲ್ಲ. ಅದೇ ಸೋಡಾ."

"ನೀರಿನಾಗ ಸೋಡಾ ಯಾಕ ಹಾಕ್ತಾರ? ಬೆಂಕಿ ಏನು ಭಜಿ ತಿಂತದ?"

"ನಂಗೇನು ಗೊತ್ತು ಯಾಕ ಹಾಕ್ತಾರ! ಶೇಠ್ ಸೋಡಾ ಎಲ್ಲಿ ಅಂತ ಕೇಳ್ಯಾನ. ಮಿಸ್ತ್ರಿ ಹಾಕೀನಿ ಅಂದಾನ. ನೀವು ಮೋರಿಗೆ ಸುರದೀರಿ. ಇನ್ನೇನು ಅದ ಅದರಾಗ ತಿಳೀಲಾರದ್ದು?"

ಕಾಸಿಂಗೆ ತಿಳಿಯಿತು, ತಿಳಿಯಲಿಲ್ಲ. ಸಿಹಿನೀರು ತಪ್ಪು ಮಾಡುತ್ತದೆಯೇ? ನಲವತ್ತು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಅದೇ ಬಾವಿಯ ನೀರೇ ಮಶಕದಿಂದ ಬಿದ್ದು ಬೆಂಕಿ ಆರಿಸಿತು. ಬಂಬಾದಿಂದ ಯಾಕೆ ಬೀಳಲಿಲ್ಲ? "ನೀರು ಚಲೋ ಇತ್ತು" ಎಂದ. "ಅಲ್ಲಾನ ಕಸಂ, ಚಲೋ ನೀರು ಇತ್ತು."

ಸರ್ವರಿ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ದನಿ ತಗ್ಗಿಸಿದಳು. "ಸುನೋ ಜೀ. ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ಮಿಸ್ತ್ರಿ ಮಾಡ್ಯಾನ ಅಂದ್ರ ಕಳ್ಳ ಅಂತಾರ. ನೀವು ಮಾಡೀರಿ ಅಂದ್ರ ಕಳ್ಳ ಅನ್ನಂಗಿಲ್ಲ. ಬೇಕಂತಲೇ ಮಾಡ್ಯಾನ ಅಂತಾರ. ಜಿನ್ ಸುಡಾಕ ಮಾಡ್ಯಾನ ಅಂತಾರ. ಆಚೆ ವರ್ಷ ಈ ಓಣ್ಯಾಗ ಏನೂ ಮಾಡಲಾರದವರಿಗೇ ಏನೇನು ಅಂದ್ರು, ಮರತೀರೇನು?"

"ಅವರೇ ರುಮಾಲು ಸುತ್ಯಾರಲ್ಲ?"

"ಸುತ್ತಿದ ಕೈಲೇ ಬಿಚ್ಚತಾರ. ವೈಜಿನಾಥಗ ಹುಲಸೂರಾಗ ಹೊಲ ಅದ, ಅಣ್ಣತಮ್ಮರು ಅದಾರ. ನಾಕು ದಿನ ಬೈದು ಬಿಡತಾರ. ನಿಮ್ಮನ್ನ ಒಯ್ದ್ರ ನಾ ಯಾರ ಬಾಗಿಲಕ ಹೋಗ್ಲಿ? ಯಾವ ಬಾಗಿಲು ತೆರದದ?"

ಕಾಸಿಂ ಕರಕಲು ರೊಟ್ಟಿಯನ್ನೇ ಮುರಿದು ತಿಂದ.

ಶನಿವಾರ ಮಧ್ಯಾಹ್ನ ಜಿನ್ನಿಗೆ ಮರಳಿದ. ಇಂಜಿನ್ ನಿಂತಿತ್ತು. ಹೆಂಗಸರು ಬಿಸಿಲಿನಲ್ಲಿ ಒದ್ದೆ ಅರಳೆ ಹರವುತ್ತಿದ್ದರು. ಅವನನ್ನು ನೋಡಿ ಮಾತು ನಿಲ್ಲಿಸಿದರು, ಆಮೇಲೆ ಮತ್ತೆ ಶುರು ಮಾಡಿದರು. ತನ್ನ ಬಗ್ಗೆ ಆಡುತ್ತಿದ್ದರೋ ಮಿಸ್ತ್ರಿಯ ಬಗ್ಗೆ ಆಡುತ್ತಿದ್ದರೋ? ಅವನು ರುಮಾಲು ಬಿಚ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ವೈಜಿನಾಥ ಇಂಜಿನ್ ಕೋಣೆಯ ನೆಲದ ಮೇಲೆ ಕೂತು ತನ್ನ ಪಾನಾ, ಸುತ್ತಿಗೆಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದ. ಮಣಿಕಟ್ಟಿಗೆ ಎಣ್ಣೆ ಹಚ್ಚಿದ ಬಟ್ಟೆ ಕಟ್ಟಿತ್ತು. ಗಯಾಬಾಯಿ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಮುಂದೆ ಒಂದು ಲೋಟ ನೀರು, ಅರ್ಧ ನಿಂಬೆಹಣ್ಣು.

"ಬಾ ಚಾಚಾ, ಕೂಡು" ಎಂದ ವೈಜಿನಾಥ. "ಮೂರು ದಿನದಿಂದ ಹೊಟ್ಟಿಗಿ ಕೂಳು ಇಳಿವಲ್ದು. ಗಯಾಬಾಯಿ ಔಷಧ ಕೊಡಾಕ ಬಂದಾಳ."

"ಇವಂಗ ಹೊಟ್ಟ್ಯಾಗ ಸೋಡಾ ಇಲ್ಲಂತ ಕಾಕಾ, ನಾನೇ ತಂದು ಕೊಟ್ಟೀನಿ" ಎಂದು ಗಯಾಬಾಯಿ ಸೆರಗಿನ ಗಂಟು ಬಿಚ್ಚಿ ಚಿಟಿಕೆ ಪುಡಿ ತೆಗೆದು ಲೋಟಕ್ಕೆ ಹಾಕಿ ಬೆರಳಿನಿಂದ ಕಲಕಿದಳು. ಚುಚ್ಚಿದೆನೆಂದು ಅವಳಿಗೇ ಅನ್ನಿಸಿರಬೇಕು, "ಸುಮ್ನ ಅಂದೆ ತಮ್ಮಾ" ಎಂದಳು.

ವೈಜಿನಾಥ ನಕ್ಕ. ಲೋಟ ಕೈಗೆ ತೆಗೆದುಕೊಂಡು, "ನೋಡು ಚಾಚಾ, ನಿಂಗ ತೋರಸ್ತೀನಿ. ಬಂಬಾದಾಗೂ ಹಿಂಗೇ. ನೀರಿನಾಗ ಸೋಡಾ ಕರಗಿಸಿರ್ತೀವಿ. ಮ್ಯಾಲ ಶೀಷೆದಾಗ ತೇಜಾಬು, ನನ್ನ ಕೈ ಸುಟ್ಟ ಆಸಿಡ್ಡು ಅದೇ. ಕುಟ್ಟಿದ್ರ ಶೀಷೆ ಒಡೀತದ, ತೇಜಾಬು ನೀರಿಗಿ ಬೀಳ್ತದ" ಎಂದು ನಿಂಬೆಹಣ್ಣು ಹಿಂಡಿದ.

ಲೋಟದ ನೀರು ಸರ್ರನೆ ಎದ್ದಿತು. ಬಿಳಿ ನೊರೆ ಅಂಚು ಹಾರಿ ಅವನ ಬೆರಳುಗಳ ಮೇಲೆ ಹರಿಯಿತು. ಕಾಸಿಂ ಬೆಚ್ಚಿ ಹಿಂದೆ ಸರಿದ.

"ಈಗ ಇದರ ಬಾಯಿ ಕಟ್ಟಿ ಸಣ್ಣ ತೂತು ಅಷ್ಟೇ ಬಿಟ್ರ? ಆ ತೂತಿನಿಂದ ಓಡಿ ಬರ್ತದ. ಅದೇ ಗ್ಯಾಸು, ಅದೇ ಜೋರು. ಸೋಡಾ ಇಲ್ದಿದ್ರ..." ವೈಜಿನಾಥ ಇನ್ನೊಂದು ಲೋಟಕ್ಕೆ ಬರೀ ನೀರು ಹಾಕಿ ಉಳಿದ ನಿಂಬೆ ಹಿಂಡಿದ. ನೀರು ಸುಮ್ಮನಿತ್ತು. ಒಂದು ಬೀಜ ತಳಕ್ಕೆ ಹೋಗಿ ಕೂತಿತು. "ನೋಡಿದಿ? ಸುಮ್ನ ನೀರು. ಏನು ಮಾಡತದ ಪಾಪ."

ಕಾಸಿಂ ಎರಡೂ ಲೋಟ ನೋಡಿದ. ಒಂದರಲ್ಲಿ ನೊರೆ ಇನ್ನೂ ಸಿಡಿಯುತ್ತಿತ್ತು. ಅವನು ಕೇಳಿದ: "ಮಿಸ್ತ್ರಿ, ನಿಂಬಿ ಹಿಂಡೋದಕ ಮೊದಲು, ಬರೀ ಸೋಡಾ ಕರಗಿದ ನೀರು... ಅದರ ರುಚಿ ಹ್ಯಾಂಗಿರತದ?"

"ರುಚಿ? ಸವಳು ಸವಳು. ನಾಲಿಗಿ ಮ್ಯಾಲ ಜಾರಿದಂಗ."

"ಜಾರಿದಂಗ."

"ಹೂಂ. ಯಾಕ ಚಾಚಾ?"

ಕಾಸಿಂನ ತಂದೆಯ ಎರಡು ನೇಮಗಳೂ ಅವನೆದುರು ನಿಂತಿದ್ದವು. ಎರಡನ್ನೂ ಅವನು ಒಂದು ದಿನವೂ ಮೀರಿರಲಿಲ್ಲ. ಮೀರದಿದ್ದುದರಿಂದಲೇ ಹೀಗಾಯಿತೆಂದರೆ ಯಾರ ಮೇಲೆ ಸಿಟ್ಟಾಗಬೇಕು? ಸರ್ವರಿಯ ದನಿ ಕಿವಿಯಲ್ಲಿತ್ತು, ಅವಳು ಮುಂದೆ ಮಾಡಿದ ಬಾಗಿಲು ಕಣ್ಣಲ್ಲಿತ್ತು. ಅವಳು ಹೇಳಿದ್ದು ಒಂದೂ ಸುಳ್ಳಲ್ಲ. ಎದುರಿಗೆ ಕೂತು ಸುತ್ತಿಗೆ ಒರೆಸುತ್ತಿರುವವನು ಹೇಳುತ್ತಿರುವುದೂ ಸುಳ್ಳಲ್ಲ. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು.

ವೈಜಿನಾಥ ತನ್ನಷ್ಟಕ್ಕೆ ಆಡುತ್ತಲೇ ಇದ್ದ. "ನಂಗ ತಿಳೀಲಾರದ್ದು ಒಂದೇ. ನನ್ನ ಕೈಯಾರೆ ಹಾಕೀನಿ. ಪೊಟ್ಟಣ ಹರದು, ಬೆಚ್ಚಗಿನ ನೀರಿನಾಗ ಕಲಸಿ, ಅರಿವಿಲೆ ಸೋಸಿ ಹಾಕೀನಿ. ರಾತ್ರಿ ಮಲಗಿದ್ರ ಖರೇನೇ ಹಾಕೀನೋ ಇಲ್ಲೋ ಅಂತ ನಂಗೇ ಸಂಶಯ ಬರಾಕತ್ತಾದ. ಹುಚ್ಚು ಹಿಡೀತದೇನೋ ಅನಸ್ತದ. ಶೇಠ್ ಹೇಳಿ ಹೇಳಿ, ನಾನೇ ಮಾರೀನೇನೋ ಅಂತ... ನಮ್ಮ ಅಣ್ಣ ಬಂದಿದ್ದ ನಿನ್ನಿ. ಅವನೂ ಕೇಳಿದ, ಖರೇ ಹೇಳು ತಮ್ಮಾ, ಮಾರಿದಿ ಏನು ಅಂತ. ನನ್ನ ಅಣ್ಣ, ಚಾಚಾ!"

ಗಯಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕುಡಿ ಮೊದಲು. ನೊರಿ ಇಳೀತು ನೋಡು, ಇಳದ್ರ ಗುಣ ಇಲ್ಲ."

"ಕುಡೀತೀನಿ. ಚಾಚಾ, ಒಂದು ಮಾತು. ಸೋಮವಾರದ ಮ್ಯಾಲ ನಾ ಇರಂಗಿಲ್ಲ. ಇಂಜಿನ್ನಿನ ನೀರು ನೀನೇ ನೋಡ್ಕೋಬೇಕು. ಹೊಸ ಮಿಸ್ತ್ರಿ ಬರೋತನಕ ತೊಟ್ಟಿ ಬತ್ತಾಕ ಬಿಡಬ್ಯಾಡ. ಮತ್ತ ಆ ಎಡಗಡಿ ಕೀಲು ಅದಲ್ಲ, ಅದು ಒಂಚೂರು ಸೋರ್ತದ, ಅದಕ್ಕ ಸಣಬು ಸುತ್ತಬೇಕಾಗ್ತದ, ಸಣಬು ಎಲ್ಲಿ ಇಟ್ಟೀನಂದ್ರ..."

ಕಾಸಿಂ ಎದ್ದು ನಿಂತ. ಕಂಕುಳಲ್ಲಿದ್ದ ರುಮಾಲನ್ನು ಕೈಗೆ ತೆಗೆದುಕೊಂಡ.

"...ಆ ಕಿಟಕಿ ಮ್ಯಾಲ, ಡಬ್ಬ್ಯಾಗ. ನೋಡಿದಿ? ಅದಕ್ಕ ಎಣ್ಣಿ ಹಚ್ಚಿ... ಚಾಚಾ?"

ಕಾಸಿಂ ಗಯಾಬಾಯಿಯನ್ನು ದಾಟಿ ಹೊಸ್ತಿಲಿಳಿದ. ಅಂಗಳದ ಆಚೆ ಶೇಠರ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಅವರು ಯಾರಿಗೋ ಜೋರಾಗಿ ಏನೋ ಹೇಳುತ್ತಿದ್ದದ್ದು ಕೇಳುತ್ತಿತ್ತು.

"ಏ ಚಾಚಾ, ಮಾತು ಮುಗಿದಿಲ್ಲ! ಎಲ್ಲಿಗೆ ಹೊಂಟಿ?"

ಕಾಸಿಂ ಒದ್ದೆ ಅರಳೆಯ ನಡುವೆ, ತುಳಿಯದಂತೆ ಕಾಲು ನೋಡಿ ಇಡುತ್ತ, ಆ ಬಾಗಿಲ ಕಡೆಗೆ ನಡೆದ.